ಮೈನಸ್ ಎಂಬತ್ತರ ಕಾವಲು

ಪೇಟೆಯ ಹಿಂದಿನ ಗಲ್ಲಿಯಲ್ಲಿ ಫ್ರಿಜ್ ರಿಪೇರಿ ಅಂಗಡಿ ಇಟ್ಟಿದ್ದವನನ್ನು ಎಲ್ಲರೂ ತಂಪಣ್ಣ ಎಂದೇ ಕರೆಯುತ್ತಿದ್ದರು. ಹೆಸರಿಗೂ ಆಸಾಮಿಗೂ ಅಜಗಜಾಂತರ. ಊರಿಗೆಲ್ಲ ತಂಪು ಹಂಚುವ ಮನುಷ್ಯನ ತಲೆ ಮಾತ್ರ ಯಾವಾಗಲೂ ಕಾದ ಹಂಚು. ಕೂತಲ್ಲಿ ಕೂರುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ. ಊಟಕ್ಕೆ ಕೂತರೂ ಎರಡು ತುತ್ತಿಗೊಮ್ಮೆ ಎದ್ದು, ಮನೆಯ ಫ್ರಿಜ್ಜಿಗೆ ಕಿವಿಯಿಟ್ಟು, ಕಂಪ್ರೆಸರ್ ಸರಿಯಾಗಿ ಗುಂಯ್‌ಗುಡುತ್ತಿದೆಯೇ ಎಂದು ಕೇಳಿ ಬರುತ್ತಿದ್ದ.

"ಅಳಿಯಂದ್ರೇ, ಅದೇನು ಬಸುರೀನಾ, ಗಳಿಗೆಗೊಂದ್ಸಲ ಹೊಟ್ಟೆಗೆ ಕಿವಿ ಇಟ್ಟು ನೋಡೋಕೆ?" ಎಂದು ಅತ್ತೆ ಕೇಳುತ್ತಿದ್ದಳು. ಅತ್ತೆಗೆ ಎಂಬತ್ತರ ಹತ್ತಿರ. ಹಲ್ಲೆಲ್ಲ ಹೋಗಿದ್ದವು, ನಾಲಿಗೆ ಮಾತ್ರ ಮೊದಲಿನಷ್ಟೇ ಗಟ್ಟಿ. ತಂಪಣ್ಣನ ಹೆಂಡತಿ ನಗುತ್ತಿರಲಿಲ್ಲ, ಗೊಣಗುತ್ತಲೂ ಇರಲಿಲ್ಲ. ಅವಳದು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ಕೂದಲೆಳೆಯಷ್ಟು ಹೆಚ್ಚು ಉಜ್ಜಿದರೂ ಗಾಜು ದಂಡ. ಇಪ್ಪತ್ತು ವರ್ಷ ಅದನ್ನೇ ಮಾಡಿ ಅವಳ ಮಾತೂ ಹಾಗೇ ಆಗಿತ್ತು. ಬೇಕಾದಷ್ಟೇ, ಅಳತೆಗೆ ಸರಿಯಾಗಿ.

ತಂಪಣ್ಣನ ಈ ಚಡಪಡಿಕೆ ಹುಟ್ಟುಗುಣವೇನಲ್ಲ. ಅವರಿಗೊಬ್ಬ ಮಗಳಿದ್ದಳು. ಮನೆಯಲ್ಲಿ ಗುಬ್ಬಿ ಎನ್ನುತ್ತಿದ್ದರು. ಶಾಲೆ ಬಿಟ್ಟ ಮೇಲೆ ಅಪ್ಪನ ಅಂಗಡಿಗೆ ಬಂದು, ಫ್ರಿಜ್ಜಿನ ಖಾಲಿ ರಟ್ಟಿನ ಪೆಟ್ಟಿಗೆಯೊಳಗೆ ಕೂತು, ದಾರಿಹೋಕರಿಗೆಲ್ಲ "ಗಾಳಿ ಬೇಕಾ, ತಣ್ಣನೆ ಗಾಳಿ" ಎಂದು ವ್ಯಾಪಾರ ಮಾಡುತ್ತಿದ್ದ ಹುಡುಗಿ. ಐದು ತುಂಬಿದ ಹೊಸದರಲ್ಲಿ ಹೊಟ್ಟೆನೋವು ಎಂದಳು. ಜಂತುಹುಳ ಇರಬೇಕು ಎಂದರು ಒಬ್ಬರು, ಶಾಲೆ ತಪ್ಪಿಸುವ ಆಟ ಎಂದರು ಇನ್ನೊಬ್ಬರು. ಕೊನೆಗೆ ಮಕ್ಕಳ ಆಸ್ಪತ್ರೆಯಲ್ಲಿ ಗೊತ್ತಾಯಿತು, ಮೂತ್ರಪಿಂಡದ ಮೇಲೆ ಗಡ್ಡೆ ಬೆಳೆದಿದೆ, ಕ್ಯಾನ್ಸರ್.

ಆಪರೇಷನ್ನಿನ ಹಿಂದಿನ ದಿನ ಒಬ್ಬ ಎಳೆಯ ಡಾಕ್ಟರು ಕಾಗದ ಹಿಡಿದು ಬಂದಿದ್ದ. ತೆಗೆದ ಗಡ್ಡೆಯಲ್ಲಿ ಒಂದು ಚೂರನ್ನು ಸಂಶೋಧನೆಗೆ ಇಟ್ಟುಕೊಳ್ಳುತ್ತೇವೆ, ಒಪ್ಪಿಗೆಯಿದ್ದರೆ ಇಲ್ಲಿ ಸಹಿ ಹಾಕಿ ಎಂದ. ತಂಪಣ್ಣನ ಸಿಟ್ಟು ನೆತ್ತಿಗೇರಿತು. "ನನ್ನ ಮಗಳೇನು ನಿಮ್ಮ ಪ್ರಯೋಗದ ಇಲೀನಾ? ಮೊದಲು ವಾಸಿ ಮಾಡಿ, ಆಮೇಲೆ ಕಾಗದ ತನ್ನಿ" ಎಂದು ಅದನ್ನು ಮಂಚದ ಮೇಲೆ ಎಸೆದು ಹೊರಟುಹೋದ. ಮುಂದೆ ಹನ್ನೊಂದು ತಿಂಗಳು ಔಷಧಿ, ವಾಂತಿ, ಉದುರಿದ ಕೂದಲು, ತಿರುಗಿ ಬಂದ ಗಡ್ಡೆ. ಆರು ತುಂಬಿ ಎರಡು ವಾರಕ್ಕೆ ಗುಬ್ಬಿ ಹೋದಳು. ಅಲ್ಲಿಂದ ಹನ್ನೆರಡು ವರ್ಷ ಅವನು ಆ ಆಸ್ಪತ್ರೆಯ ರಸ್ತೆಗೆ ಕಾಲಿಡಲಿಲ್ಲ. ಆ ಕಡೆ ಕೆಲಸ ಬಿದ್ದರೆ ಮಾರ್ಕೆಟ್ಟಿನ ಹಿಂದಿನಿಂದ ಸುತ್ತು ಬಳಸಿ ಹೋಗುತ್ತಿದ್ದ.

ಹೀಗಿರುವಾಗ ಒಂದು ದಿನ ಬೆಳಿಗ್ಗೆ ಹತ್ತೂವರೆಗೆ ಫೋನು ಬಂತು. ಹೆಂಗಸಿನ ದನಿ, ಓಡಿಬಂದವರ ಹಾಗೆ ಏದುಸಿರು.

"ಫ್ರಿಜ್ ರಿಪೇರಿಯವರಾ? ಮಕ್ಕಳ ಆಸ್ಪತ್ರೆ ಹಿಂದೆ ಸಂಶೋಧನಾ ಕಟ್ಟಡ ಇದೆಯಲ್ಲ, ಎರಡನೇ ಮಹಡಿ. ನಮ್ಮ ದೊಡ್ಡ ಫ್ರೀಜರ್ ಕೈಕೊಟ್ಟಿದೆ."

"ಆ ಕಡೆ ನಾನು ಬರಲ್ಲ ಮೇಡಂ. ಕಂಪನಿಯವರನ್ನ ಕರೀರಿ."

"ಕರೆದೆ. ನಾಲ್ಕು ದಿನ ಆಗುತ್ತೆ ಅಂದ್ರು. ನಾಲ್ಕು ಗಂಟೆಗೇ ಎಲ್ಲ ಹಾಳಾಗಿಬಿಡುತ್ತೆ. ಮೈನಸ್ ಎಂಬತ್ತು ಇರಬೇಕಾದ್ದು ಈಗ ಐವತ್ತೆಂಟು. ಹೀಗೆ ಮಾತಾಡ್ತಿರೋ ಹೊತ್ತಿಗೆ ಐವತ್ತೇಳಾಯ್ತು."

ತಂಪು ಹೀಗೆ ಸೋರಿಹೋಗುತ್ತಿರುವುದನ್ನು ಕೇಳಿಯೂ ಸುಮ್ಮನಿರುವುದು ತಂಪಣ್ಣನಂಥವನಿಗೆ ಆಗದ ಮಾತು. ಬೈದುಕೊಳ್ಳುತ್ತಲೇ ಸಾಮಾನಿನ ಚೀಲ ಹೆಗಲಿಗೇರಿಸಿದ. ಆಸ್ಪತ್ರೆಯ ಮುಂದೆ ಹಾಯುವಾಗ ಪಕ್ಕಕ್ಕೆ ತಿರುಗಲಿಲ್ಲ.

ಎರಡನೇ ಮಹಡಿಯ ಉದ್ದನೆ ಕೋಣೆಯಲ್ಲಿ ಬೀರುವಿನಷ್ಟು ಎತ್ತರದ ಫ್ರೀಜರು ಕೀಂಯ್ ಕೀಂಯ್ ಎಂದು ಅರಚುತ್ತಿತ್ತು. ಪಕ್ಕದಲ್ಲಿ ನಲವತ್ತೈದರ ಆಸುಪಾಸಿನ ಸಣ್ಣ ಹೆಂಗಸು, ಬಿಳಿ ಕೋಟಿನ ತೋಳು ಮಡಚಿಕೊಂಡು, ಬಾಗಿಲಿಗೆ ಕಂಬಳಿ ಹೊದಿಸುತ್ತಿದ್ದಳು.

"ಬಾಗಿಲು ತೆಗೆದ್ರಾ?" ಎಂದ ತಂಪಣ್ಣ, ನಮಸ್ಕಾರವಿಲ್ಲ ಏನಿಲ್ಲ.

"ಇಲ್ಲ."

"ಪುಣ್ಯ. ನಾನು ಹೇಳೋವರೆಗೂ ಮುಟ್ಟಬೇಡಿ, ಡಾಕ್ಟರಮ್ಮ."

"ನಾನು ಮದ್ದು ಕೊಡೋ ಡಾಕ್ಟರಲ್ಲ. ಸಂಶೋಧನೆ ಮಾಡೋಳು."

"ಯಾವುದೋ ಒಂದು. ಟಾರ್ಚ್ ಹಿಡೀರಿ."

ಇಂಥ ಯಂತ್ರವನ್ನು ಅವನು ಒಮ್ಮೆಯೂ ಬಿಚ್ಚಿರಲಿಲ್ಲ. ಒಳಗೆ ಎರಡು ಕಂಪ್ರೆಸರು. ಒಂದು ಇನ್ನೊಂದನ್ನು ತಣಿಸಬೇಕು, ಆ ಇನ್ನೊಂದು ಪೆಟ್ಟಿಗೆಯನ್ನು ತಣಿಸಬೇಕು. ಮೊದಲು ಎರಡರ ಕೊಳವೆಗಳನ್ನೂ ಬೆರಳಿಟ್ಟು ಗುರುತಿಸಿಕೊಂಡ. ಆಮೇಲೆ ಕೆಳಗಿನ ಜಾಲರಿ ಕಳಚಿದವನೇ ಬಾಯಿಗೆ ಬಂದಂತೆ ಬೈಯತೊಡಗಿದ. ಶಾಖ ಹೊರಹಾಕುವ ಕೊಳವೆಗಳ ನಡುವೆ ಧೂಳು ಹತ್ತಿಯ ಹಾಸಿಗೆಯ ಹಾಗೆ ಮೆತ್ತಿಕೊಂಡಿತ್ತು. ಅದರ ಹಿಂದಿನ ಫ್ಯಾನು ಬಿಗಿದು ನಿಂತಿತ್ತು.

"ಎಷ್ಟು ವರ್ಷದಿಂದ ಇದನ್ನ ಒರೆಸಿಲ್ಲ?"

"ಒರೆಸೋರು ಇದ್ರು. ಹೋದ ವರ್ಷ ಅನುದಾನ ನಿಂತಾಗ ಅವರೂ ಹೋದ್ರು" ಎಂದಳು ಡಾಕ್ಟರಮ್ಮ.

ಅವನು ಬ್ರಷ್ಷು ಹಾಕಿ ಉಜ್ಜಿದ, ಊದಿದ, ಕೆಮ್ಮಿದ. ಫ್ಯಾನಿನ ಮೋಟಾರು ಸತ್ತಿತ್ತು. ಅಂಗಡಿಗೆ ಓಡಿ, ರಿಪೇರಿಗೆ ಬಂದಿದ್ದ ಐಸ್‌ಕ್ರೀಮ್ ಪೆಟ್ಟಿಗೆಯೊಂದರ ಮೋಟಾರು ಕಿತ್ತು ತಂದ. ಮಾಲೀಕನಿಗೆ ಆಮೇಲೆ ಏನಾದರೂ ಹೇಳಿದರಾಯಿತು. ಅಳತೆ ಹೊಂದಲಿಲ್ಲ; ತಗಡು ಕತ್ತರಿಸಿ ಕೂರಿಸಿದ. ಮಧ್ಯಾಹ್ನ ಎರಡಕ್ಕೆ ಫ್ಯಾನು ತಿರುಗಿತು. ಅಂಕಿ ನಲವತ್ತಾರಕ್ಕೆ ಬಂದು ನಿಂತಿತ್ತು. ಇಬ್ಬರೂ ಅದನ್ನೇ ದಿಟ್ಟಿಸಿದರು. ನಲವತ್ತಾರು. ನಲವತ್ತಾರು. ನಲವತ್ತೇಳು.

ತಂಪು ತಿರುಗಿ ಬರತೊಡಗಿತ್ತು. ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತಳು. ತಂಪಣ್ಣ ಕೈ ಒರೆಸಿಕೊಳ್ಳುತ್ತ, "ಇಷ್ಟು ಒದ್ದಾಡ್ತೀರಲ್ಲ, ಒಳಗೇನಿದೆ, ಬಂಗಾರವಾ?" ಎಂದ.

"ಮಕ್ಕಳ ಗಡ್ಡೆಗಳ ಚೂರು. ಕ್ಯಾನ್ಸರ್ ಗಡ್ಡೆ. ನಾನೂರ ಹನ್ನೆರಡು ಮಕ್ಕಳದು. ಒಟ್ಟುಮಾಡೋಕೆ ಹದಿನಾಲ್ಕು ವರ್ಷ ಹಿಡೀತು."

ತಂಪಣ್ಣ ಒರೆಸುತ್ತಿದ್ದ ಬಟ್ಟೆಯನ್ನು ಚೀಲಕ್ಕೆ ತುರುಕಿ, ಮಜೂರಿ ಕೇಳದೆಯೇ ಮೆಟ್ಟಿಲಿಳಿದು ಹೋದ.

ಮರುದಿನ ಎಂಟು ಗಂಟೆಗೆಲ್ಲ ಮತ್ತೆ ಅಲ್ಲಿದ್ದ. ಎಂಬತ್ತಕ್ಕೆ ಇಳಿದಿದೆಯೇ ನೋಡಿ ಹೋಗೋಣ ಎಂದು ಬಂದೆ ಎಂದ. ಇಳಿದಿತ್ತು. ಹೋಗಲಿಲ್ಲ. ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು ನಿಂತೇ ಇದ್ದ. ಡಾಕ್ಟರಮ್ಮ ಒಂದೊಂದಾಗಿ ಹೇಳಿದಳು. ಆ ಚೂರುಗಳಲ್ಲಿ ಮೂವತ್ತೊಂದು ಮಕ್ಕಳ ಗಡ್ಡೆಯಲ್ಲಿ ಜೀವಕೋಶದ ಒಂದು ಸ್ವಿಚ್ಚು ಆರದೆ ಉರಿಯುತ್ತಲೇ ಇರುವುದು ಕಂಡಿದೆ. ಬೇರೆ ಕಾಯಿಲೆಗೆ ಈಗಾಗಲೇ ಕೊಡುವ ಔಷಧಿಯೊಂದು ಅದನ್ನು ಆರಿಸಬಹುದು. ಖಚಿತ ಮಾಡಿಕೊಳ್ಳಲು ಇನ್ನೂ ಎರಡು ವರ್ಷ ಬೇಕು. ಆದರೆ ಹಣ ಕೊಡುತ್ತಿದ್ದ ನಿಧಿಯವರು ಕೈಯೆತ್ತಿದ್ದಾರೆ. ಈ ಕಾಯಿಲೆ ಬರುವುದು ತೀರ ಕಡಿಮೆ ಮಕ್ಕಳಿಗೆ, ಇಷ್ಟು ಖರ್ಚು ಹೇಗೆ ಒಪ್ಪುವುದು ಎನ್ನುತ್ತಾರೆ. ಔಷಧಿ ಕಂಪನಿಗಳಂತೂ ಕೊಳ್ಳುವವರಿಲ್ಲದ ಸರಕಿನ ಕಡೆ ತಿರುಗಿಯೂ ನೋಡುವುದಿಲ್ಲ. ಕಟ್ಟಡದ ಆಡಳಿತಾಧಿಕಾರಿಗೆ ಕೋಣೆ ಬೇಕಾಗಿದೆ. ಎರಡು ತಿಂಗಳು ಗಡುವು. ಆಮೇಲೆ ಫ್ರೀಜರು ಆರಿಸಿ, ಚೂರುಗಳನ್ನು ನಿಯಮದಂತೆ ಸುಡಬೇಕು.

"ಸುಡೋದಾ?"

"ಹೌದು. ನಾನೇ ಸಹಿ ಹಾಕಿ ಕೊಡಬೇಕು."

"ಆ ಔಷಧಿ ಸಿಕ್ಕರೆ ಮಕ್ಕಳು ಉಳೀತಾರಾ?"

"ಗೊತ್ತಿಲ್ಲ. ಉಳಿಯಬಹುದು, ಕೆಲವರು. ಗೊತ್ತಿಲ್ಲ ಅಂತಲೇ ಹುಡುಕ್ತಿರೋದು."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವರನ್ನು ಕಂಡರೆ ತಂಪಣ್ಣನಿಗೆ ಆಗದು. ಇವಳದು ಹಾಗಲ್ಲ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದಳು. ಅದೇ ಅವನ ನಿದ್ದೆ ಕೆಡಿಸಿತು. ಆ ದಿನ ಸಂಜೆ ಮನೆಯಲ್ಲಿ ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಅಡುಗೆಮನೆಗೆ ಓಡಾಡುತ್ತ ಎಲ್ಲವನ್ನೂ ಹೇಳಿದ. "ನೋಡು, ಯಾರ್ಯಾರದೋ ಮಕ್ಕಳ ಚೂರು. ಆ ತಂದೆತಾಯಿ ಹೆಂಗಾದ್ರೂ ಕೊಟ್ರೋ. ನಾನಂತೂ ಕೊಡಲಿಲ್ಲ, ಬಿಸಾಕಿ ಬಂದೆ."

ಹೆಂಡತಿ ತರಕಾರಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು.

"ರೀ. ನಾನು ಹಾಕಿದೆ."

"ಏನು?"

"ಸಹಿ. ನೀವು ಹೊರಗೆ ಹೋದ್ಮೇಲೆ. ಆ ಹುಡುಗ ಕಾಗದ ಎತ್ಕೊಂಡು ಹೋಗ್ತಿದ್ದ. ಕರೆದೆ. ಹಾಕಿದೆ."

ತಂಪಣ್ಣನ ಕಾಲು ಒಮ್ಮೆಲೇ ನಿಂತುಬಿಟ್ಟಿತು. "ಹದಿಮೂರು ವರ್ಷ ಬಾಯಿ ಬಿಡಲಿಲ್ಲವಲ್ಲೇ!"

"ಹೇಳಿದ್ರೆ ಏನ್ಮಾಡ್ತಿದ್ರಿ? ಆ ಡಾಕ್ಟರನ ಕುತ್ತಿಗೆ ಪಟ್ಟಿ ಹಿಡೀತಿದ್ರಿ."

"ನನ್ನ ಮಗಳಲ್ವಾ ಅವಳು?"

"ನನ್ನ ಮಗಳೂ ಹೌದು."

ಮೂಲೆಯಲ್ಲಿದ್ದ ಅತ್ತೆ ಅಂದು ಮೊದಲ ಬಾರಿ ಏನೂ ತಮಾಷೆ ಮಾಡಲಿಲ್ಲ. ತಂಪಣ್ಣ ಚಪ್ಪಲಿ ಮೆಟ್ಟಿ ಬಾಗಿಲು ದಡಾರೆಂದು ಎಳೆದುಕೊಂಡು ಹೋದ. ರೈಲು ಹಳಿಯ ಪಕ್ಕದ ಗೋದಾಮುಗಳ ತನಕ ನಡೆದು ವಾಪಸು ಬಂದ. ಹೆಂಡತಿ ಊಟ ಬಡಿಸಿದಳು. ಇಬ್ಬರೂ ಉಂಡರು. ಮೂರು ದಿನ ಅವರ ನಡುವೆ ಉಪ್ಪು, ನೀರು, ಬೀಗದ ಕೈ ಎಂಬಷ್ಟೇ ಮಾತು.

ನಾಲ್ಕನೆಯ ದಿನ ಅವನು ಡಾಕ್ಟರಮ್ಮನ ಮುಂದೆ ನಿಂತಿದ್ದ. "ಆ ಪೆಟ್ಟಿಗೇಲಿ ನನ್ನ ಮಗಳದು ಇದೆಯಾ ನೋಡಿ ಹೇಳಿ."

ಅವಳು ಪೆನ್ನು ಕೆಳಗಿಟ್ಟು ಅವನನ್ನೇ ನೋಡಿದಳು. ಆಮೇಲೆ ನಿಧಾನವಾಗಿ, "ನನ್ನ ಹತ್ರ ಹೆಸರುಗಳಿಲ್ಲ. ಬರೀ ನಂಬರು. ಹೆಸರು ತೆಗೆದೇ ನಮಗೆ ಕೊಡೋದು. ಸಹಿ ಹಾಕಿದವರಿಗೆ ಒಂದು ಚೀಟಿ ಕೊಟ್ಟಿರ್ತಾರೆ. ಅದು ತಂದ್ರೆ ಹೇಳ್ಬಹುದು" ಎಂದಳು.

ಚೀಟಿ ಇತ್ತು. ಹೆಂಡತಿಯ ಕಬ್ಬಿಣದ ಪೆಟ್ಟಿಗೆಯಲ್ಲಿ, ಗುಬ್ಬಿಯ ಶಾಲೆಯ ಗುರುತಿನ ಚೀಟಿಯ ಜೊತೆ. ಕೇಳಿದಾಗ ಅವಳು ಕೊಡಲಿಲ್ಲ. "ಕೊಟ್ಟ ಮೇಲೆ ಕೊಟ್ಟ ಹಾಗೆ. ಇಟ್ಟಿದ್ದಾರಾ, ಬಿಸಾಕಿದ್ದಾರಾ ಅಂತ ಹಿಂದಿಂದೆ ಹೋಗಿ ವಿಚಾರಿಸಬಾರದು" ಎಂದಳು. ಕಡ್ಡಿ ಮುರಿದ ಹಾಗೆ ಹೇಳಿದ ಮೇಲೆ ಅವಳದು ಮುಗಿಯಿತು.

ಹೀಗೆ ತಂಪಣ್ಣನ ಚಡಪಡಿಕೆಗೆ ಈಗೊಂದು ದಿಕ್ಕು ಸಿಕ್ಕಿತು. ಇದೆಯೋ ಇಲ್ಲವೋ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಎಲ್ಲವೂ ಉಳಿಯಬೇಕು. ದಿನಾ ಬೆಳಿಗ್ಗೆ ಫ್ರೀಜರು ನೋಡುವುದು, ಆಮೇಲೆ ತಾನು ರಿಪೇರಿ ಮಾಡಿದ ಅಂಗಡಿಗಳನ್ನೆಲ್ಲ ಸುತ್ತುವುದು. ಔಷಧಿ ಅಂಗಡಿ, ಹೂವಿನ ಮಂಡಿ, ಹಾಲಿನ ಡೈರಿ. ಹದಿನೈದು ವರ್ಷದ ಗಿರಾಕಿಗಳು. ಕೆಲವರು ಕೊಟ್ಟರು. ಕೆಲವರು "ಇದಕ್ಕೆಲ್ಲ ಸರ್ಕಾರ ಇಲ್ವಾ?" ಎಂದರು. ಮೋಟಾರು ಕಳಕೊಂಡಿದ್ದ ಐಸ್‌ಕ್ರೀಮ್‌ನವನು ಮೊದಲು ಹಾರಾಡಿದ, ಸಂಗತಿ ಕೇಳಿ ತಣ್ಣಗಾದ, ಮೋಟಾರಿನ ಮಾತು ಎತ್ತಲೇ ಇಲ್ಲ. ಮೀನಿನಂಗಡಿಯವನು ಕೈತೊಳೆದುಕೊಳ್ಳುತ್ತ ಒಂದು ಮಾತು ಹೇಳಿದ.

"ನೋಡು ತಂಪಣ್ಣ, ನನ್ನ ಮೀನು ಕೆಟ್ರೆ ಬೀದಿಗೆಲ್ಲ ನಾತ ಹೊಡೆಯುತ್ತೆ. ಅದಕ್ಕೇ ನಾನು ಫೋನ್ ಮಾಡಿದ ತಕ್ಷಣ ನೀನು ಓಡಿಬರ್ತೀಯ. ನಿನ್ನ ಆ ಡಬ್ಬಿಗಳು ಕೆಟ್ರೆ ಯಾರ ಮೂಗಿಗೂ ಬಡಿಯಲ್ಲ."

ಬಂದ ಹಣ ಫ್ರೀಜರಿನ ಕರೆಂಟಿಗೆ ನಾಲ್ಕಾರು ತಿಂಗಳು ಸಾಲುವಷ್ಟಿತ್ತು. ಆಡಳಿತಾಧಿಕಾರಿ ಅದನ್ನು ಮುಟ್ಟಲಿಲ್ಲ. ಕೆಟ್ಟ ಮನುಷ್ಯನೇನಲ್ಲ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, "ಇದನ್ನ ಯಾವ ಹೆಸರಲ್ಲಿ ಜಮಾ ಮಾಡ್ಲಿ ಅಣ್ಣಾ? ಇವತ್ತು ಕರೆಂಟಿಗೆ ಆಯ್ತು. ಕೆಲಸ ಮಾಡೋರಿಗೆ ಸಂಬಳ? ಪರೀಕ್ಷೆ ಸಾಮಾನಿಗೆ? ಇದು ಕಾಲುಬುಡದ ತೂತು ಮುಚ್ಚಿ ದೋಣಿ ಉಳೀತು ಅಂದ ಹಾಗೆ" ಎಂದ. ಹಣ ವಾಪಸು ಮಾಡಲು ಮತ್ತೆ ಅಷ್ಟೂ ಅಂಗಡಿ ಸುತ್ತಬೇಕಾಯಿತು. ತೆಗೆದುಕೊಳ್ಳುವಾಗಿನ ಮುಜುಗರಕ್ಕಿಂತ ಕೊಡುವಾಗಿನದು ದೊಡ್ಡದಾಗಿತ್ತು.

ಆಗ ಡಾಕ್ಟರಮ್ಮ ಒಂದು ದಾರಿ ಹೇಳಿದಳು. ನಿಧಿ ಸಮಿತಿಯ ಮುಂದೆ ಅವಳ ಅರ್ಜಿ ಕೊನೆಯ ಸಲ ಬರಲಿತ್ತು. ಅಲ್ಲಿ ಈಚೆಗೆ ರೋಗಿಯ ಮನೆಯವರೊಬ್ಬರು ಐದು ನಿಮಿಷ ಮಾತಾಡಲು ಅವಕಾಶ ಕೊಡುತ್ತಾರೆ.

"ನೀವು ಬರ್ತೀರಾ?"

"ನಾನಾ? ನನಗೆ ಗಿರಾಕಿ ಹತ್ರ ಜಗಳ ಆಡೋದು ಬಿಟ್ರೆ ಬೇರೆ ಮಾತು ಬರಲ್ಲ" ಎಂದ. ಆದರೂ ಒಪ್ಪಿಕೊಂಡ. ಎರಡು ವಾರ ಅಂಗಡಿಯಲ್ಲಿ ಫ್ರಿಜ್ಜುಗಳ ಮುಂದೆ ಭಾಷಣ ಅಭ್ಯಾಸ ಮಾಡಿದ. ಹೆಂಡತಿಯನ್ನು ಕರೆಯಲಿಲ್ಲ. ಆ ದಿನ ಬೆಳಿಗ್ಗೆ ಅವಳೇ ಕೆಲಸಕ್ಕೆ ರಜೆ ಹಾಕಿ, ಸೀರೆ ಉಟ್ಟು, ಬಾಗಿಲಲ್ಲಿ ನಿಂತಿದ್ದಳು.

ಸಮಿತಿಯ ಕೋಣೆಯಲ್ಲಿ ಉದ್ದನೆ ಮೇಜು, ಅದರ ಆಚೆ ಒಂಬತ್ತು ಜನ, ಎಲ್ಲರ ಮುಂದೆ ಒಂದೊಂದು ನೀರಿನ ಬಾಟಲಿ. ನಡುವೆ ಅಧ್ಯಕ್ಷೆ, ನಿವೃತ್ತ ಡಾಕ್ಟರು, ಬೆಳ್ಳಿ ಕೂದಲಿನ ಹಿರಿಯಳು. ಡಾಕ್ಟರಮ್ಮ ಪರದೆಯ ಮೇಲೆ ಚಿತ್ರ ತೋರಿಸಿ ವಿವರಿಸಿದಳು. ತುದಿಯಲ್ಲಿದ್ದ ಸದಸ್ಯನೊಬ್ಬ, "ಕೆಲಸ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ದೊಡ್ಡವರ ಕ್ಯಾನ್ಸರಿಗೆ ಹೋಲಿಸಿದ್ರೆ ಈ ಮಕ್ಕಳ ಸಂಖ್ಯೆ ಸಾಸಿವೆ ಕಾಳು. ನಾನೂರು ಚೂರಿಂದ ಏನು ಸಾಬೀತಾಗುತ್ತೆ?" ಎಂದ.

ತಂಪಣ್ಣನ ಸರದಿ ಬಂತು. ಎದ್ದು ನಿಂತ. ಬಾಯಿಪಾಠ ಮಾಡಿದ್ದೆಲ್ಲ ಎಲ್ಲಿಗೋ ಹಾರಿಹೋಯಿತು. "ಸಾಸಿವೆ ಕಾಳು ಅಂದ್ರಲ್ಲ ಸ್ವಾಮಿ," ಎಂದು ಶುರುಮಾಡಿದ, ದನಿ ಏರಿತು, ಧೂಳು ಕಟ್ಟಿದ ಫ್ಯಾನಿನ ಬಗ್ಗೆ ಏನೋ ಹೇಳಲು ಹೋದ, ಅರ್ಧಕ್ಕೇ ಬಿಟ್ಟ. ಮೇಜಿನ ಮೇಲಿನ ಗಡಿಯಾರ ಮೂರು ನಿಮಿಷ ತಿಂದು ಹಾಕಿತ್ತು. ಆಗ ಪಕ್ಕದಲ್ಲಿ ಹೆಂಡತಿ ಎದ್ದಳು.

"ಉಳಿದ ಎರಡು ನಿಮಿಷ ನಾನು ಮಾತಾಡ್ಲಾ?"

ಅಧ್ಯಕ್ಷೆ ತಲೆಯಾಡಿಸಿದಳು.

"ಹದಿಮೂರು ವರ್ಷದ ಹಿಂದೆ ಸಹಿ ಹಾಕಿದವಳು ನಾನು. ಇವರಿಗೆ ಹೇಳದೆ ಹಾಕಿದೆ. ಮನೆಯವರಿಗೆ ಸುಳ್ಳು ಹೇಳಿಯಾದ್ರೂ ಕೊಡಬೇಕು ಅನ್ನಿಸೋ ಅಂಥದ್ದು ಅದು. ಕಮ್ಮಿ ಮಕ್ಕಳಿಗೆ ಬರುತ್ತೆ ಅಂದ್ರಿ. ಹೌದು. ಅದಕ್ಕೇ ಒಂದನ್ನೂ ಕಳೀಬಾರದು. ದೊಡ್ಡವರದು ಇವತ್ತು ಸುಟ್ರೆ ನಾಳೆ ನೂರು ಸಿಗುತ್ತೆ. ಇದು ಸಿಗಲ್ಲ. ಅದರಲ್ಲಿ ತುಂಬ ಮಕ್ಕಳು ಈಗಿಲ್ಲ." ಅವಳು ಅಧ್ಯಕ್ಷೆಯ ಕಡೆ ತಿರುಗಿದಳು. "ದುಡ್ಡು ಇಲ್ಲ ಅಂದ್ರೆ ಇಲ್ಲ ಅನ್ನಿ. ಆದ್ರೆ ಆರಿಸೋ ದಿನ ನೀವೇ ಬಂದು ಆರಿಸಿ. ಈಯಮ್ಮನ ಕೈಲಿ ಆ ಕೆಲಸ ಮಾಡಿಸಬೇಡಿ."

"ನಿಮ್ಮ ಮಗುವಿನದು ಅದರಲ್ಲಿದೆಯೇನಮ್ಮ?" ಎಂದು ಅದೇ ಸದಸ್ಯ ಕೇಳಿದ. ಈಗ ಅವನ ದನಿ ಮೆತ್ತಗಾಗಿತ್ತು.

"ನಾನು ಕೇಳಿಲ್ಲ" ಎಂದು ಅವಳು ಕೂತಳು. ಇನ್ನೂ ಇಪ್ಪತ್ತು ಸೆಕೆಂಡು ಉಳಿದಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ತಂಪಣ್ಣ ಎರಡು ಟಿಕೆಟ್ ತೆಗೆಸಿದ. ಆಮೇಲೆ, "ಅಷ್ಟು ಮಾತು ಎಲ್ಲಿ ಬಚ್ಚಿಟ್ಟಿದ್ದೆ?" ಎಂದ.

"ನೀವು ಆಡೋಕೆ ಬಿಟ್ರೆ ತಾನೇ" ಎಂದಳು. ನಾಲ್ಕು ವಾರದಲ್ಲಿ ಅವರಿಬ್ಬರೂ ನಕ್ಕದ್ದು ಅದೇ ಮೊದಲು.

ಉತ್ತರ ಬರಲು ಇಪ್ಪತ್ತೆರಡು ದಿನ ಹಿಡಿಯಿತು. ಗಡುವಿಗೆ ಉಳಿದದ್ದು ಒಂಬತ್ತೇ ದಿನ. ಅಷ್ಟೂ ದಿನ ತಂಪಣ್ಣ ಮೈಮೇಲೆ ಇರುವೆ ಬಿಟ್ಟುಕೊಂಡವನ ಹಾಗೆ ಇದ್ದ. ಒಬ್ಬರ ಫ್ರಿಜ್ಜಿಗೆ ಎರಡು ಸಲ ಗ್ಯಾಸ್ ತುಂಬಿ ಬಂದ, ಇನ್ನೊಬ್ಬರಿಗೆ ಬೇರೆಯವರ ಬಾಗಿಲು ಜೋಡಿಸಿಕೊಟ್ಟ. "ಅಳಿಯಂದ್ರು ಹೀಗೇ ಓಡಾಡಿದ್ರೆ ನೆಲ ಸವೆದು ಕೆಳಗಿನ ಮನೆಯವರ ತಲೆ ಮೇಲೆ ಬೀಳ್ತೀವಿ" ಎಂದಳು ಅತ್ತೆ.

ಕಾಗದದಲ್ಲಿ ಇದ್ದದ್ದು ಪೂರ್ತಿ ಸಿಹಿಯೂ ಅಲ್ಲ, ಪೂರ್ತಿ ಕಹಿಯೂ ಅಲ್ಲ. ಎರಡು ವರ್ಷ ಕೇಳಿದ್ದಕ್ಕೆ ಒಂದು ವರ್ಷ ಕೊಟ್ಟಿದ್ದರು. ಜೊತೆಗೊಂದು ಷರತ್ತು: ನಾನೂರು ಸಾಲದು, ಹಾಗಾಗಿ ಬೇರೆ ಊರುಗಳ ಎರಡು ಪ್ರಯೋಗಾಲಯಗಳ ಜೊತೆ ಸೇರಿ ಕೆಲಸ ಮಾಡಬೇಕು, ಪ್ರತಿ ಚೂರಿನಲ್ಲೂ ಅರ್ಧ ಅವರಿಗೆ ಕಳಿಸಬೇಕು, ಅವರದರಲ್ಲಿ ಅರ್ಧ ಇಲ್ಲಿಗೆ ಬರಬೇಕು. ಡಾಕ್ಟರಮ್ಮ ಕಾಗದವನ್ನು ಎರಡು ಸಲ ಓದಿ, "ಇದನ್ನ ನಾನೇ ಹತ್ತು ವರ್ಷದ ಹಿಂದೆ ಮಾಡ್ಬೇಕಿತ್ತು. ನನ್ನ ಸಾಮಾನು ನನ್ನ ಹತ್ರಾನೇ ಇರಲಿ ಅಂತ ಬಿಗಿಹಿಡಿದು ಕೂತಿದ್ದೆ" ಎಂದಳು.

ಕಳಿಸುವ ದಿನ ಪೆಟ್ಟಿಗೆ ಕಟ್ಟುವ ಜವಾಬ್ದಾರಿ ತಂಪಣ್ಣನದು. ಅಂದು ಬೆಳಿಗ್ಗೆ ಹೆಂಡತಿ ತಾನಾಗಿಯೇ ಆ ಚೀಟಿ ತಂದು ಅವನ ಅಂಗಿಯ ಜೇಬಿಗೆ ಹಾಕಿದಳು. "ನನಗೆ ಬೇಡ. ನಿಮಗೆ ಬೇಕಿದ್ರೆ ನೋಡ್ಕೊಳ್ಳಿ. ನೋಡದೆ ನಿಮ್ಮ ಜೀವ ನಿಲ್ಲಲ್ಲ."

ದಪ್ಪ ಥರ್ಮೋಕೋಲಿನ ಪೆಟ್ಟಿಗೆಗಳು, ಬಿಳಿ ಹೊಗೆಯಾಡುವ ಡ್ರೈ ಐಸು, ಡಾಕ್ಟರಮ್ಮನ ಕೈಯಲ್ಲಿ ಪಟ್ಟಿ. ಅವಳು ನಂಬರು ಓದುತ್ತಿದ್ದಳು, ಅವನು ಕೈಗವಸು ಹಾಕಿಕೊಂಡು ಬೆರಳುದ್ದದ ಕೊಳವೆಗಳನ್ನು ಜೋಡಿಸುತ್ತಿದ್ದ. ನೂರ ಎಪ್ಪತ್ತು. ನೂರ ಎಪ್ಪತ್ತೊಂದು. ನೂರ ಎಪ್ಪತ್ತೆರಡು. ನೂರ ಎಪ್ಪತ್ತನಾಲ್ಕು.

"ಎಪ್ಪತ್ಮೂರು ಬಿಟ್ರಿ" ಎಂದ ತಂಪಣ್ಣ.

"ಅದು ಉಳಿದಿಲ್ಲ" ಎಂದು ಮುಂದಕ್ಕೆ ಹೋಗುತ್ತಿದ್ದವಳು ತಟ್ಟನೆ ತಲೆಯೆತ್ತಿದಳು. ಅವನು ಗವಸು ಕಳಚಿ, ಜೇಬಿನ ಚೀಟಿ ತೆಗೆದು, ಮೇಜಿನ ಮೇಲೆ ಇಟ್ಟಿದ್ದ. ಅದರಲ್ಲಿದ್ದದ್ದು ಅದೇ ನಂಬರು.

"ಉಳಿದಿಲ್ಲ ಅಂದ್ರೆ?"

"ಪರೀಕ್ಷೆಗೆ ಪೂರ್ತಿ ಬಳಕೆಯಾಗಿದೆ. ನಾಲ್ಕು ವರ್ಷ ಆಯ್ತು."

"ಯಾರನ್ನ ಕೇಳಿ ಮುಗಿಸಿದ್ರಿ?" ಎಂದು ಅವನು ಕೂಗಿದ. ಕೂಗಿದ್ದು ತನಗೇ ಕೇಳಿ ಬೆಚ್ಚಿದ. ಮೂರು ತಿಂಗಳು ಯಾವುದಕ್ಕಾಗಿ ಬೀದಿ ಸುತ್ತಿದನೋ ಅದು ಆ ಪೆಟ್ಟಿಗೆಯಲ್ಲಿ ಇರಲೇ ಇಲ್ಲ. ಡಾಕ್ಟರಮ್ಮ ಹಳೆಯ ಪುಸ್ತಕ ತೆಗೆದು ಬೆರಳಿಟ್ಟು ಹುಡುಕಿದಳು. "ಚಿಕ್ಕ ಚೂರಿತ್ತು. ಸ್ವಿಚ್ಚು ಉರೀತಿರೋದು ಸಿಕ್ಕಿತಲ್ಲ, ಆ ಮೂವತ್ತೊಂದರಲ್ಲಿ ಇದೂ ಒಂದು. ಇಲ್ಲದಿದ್ರೆ ಮೂವತ್ತು ಅಂತಿದ್ವಿ" ಎಂದಳು.

ತಂಪಣ್ಣ ಕೆಳಗಿಳಿದು ಕಟ್ಟಡಕ್ಕೆ ಮೂರು ಸುತ್ತು ಹಾಕಿದ. ನಾಲ್ಕನೆಯದಕ್ಕೆ ಹೊರಟವನಿಗೆ ಡ್ರೈ ಐಸು ಆವಿಯಾಗುತ್ತಿರುವುದು ನೆನಪಾಯಿತು. ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ಬಂದು, "ಓದಿ ಡಾಕ್ಟರಮ್ಮ, ಎಪ್ಪತ್ತೈದು" ಎಂದ.

ಸಂಜೆ ಹೆಂಡತಿಗೆ, "ಮುಗಿದುಹೋಗಿದೆಯಂತೆ" ಎಂದ.

"ಉಪಯೋಗಕ್ಕೆ ಬಂತಂತಾ?"

"ಬಂತಂತೆ. ಮೂವತ್ತೊಂದರಲ್ಲಿ ಒಂದು."

"ಹಾಗಾದ್ರೆ ಸರಿ" ಎಂದು ಅವಳು ಬಚ್ಚಲಿಗೆ ಹೋದಳು. ಬಹಳ ಹೊತ್ತು ನಲ್ಲಿಯ ನೀರಿನ ಸದ್ದು ಬರುತ್ತಿತ್ತು. ತಂಪಣ್ಣ ಬಾಗಿಲ ಹೊರಗೆ ನಿಂತೇ ಇದ್ದ. ಹೊರಗೆ ಬಂದಾಗ ಅವಳ ಮುಖ ಉಬ್ಬಿತ್ತು. ಅವನು ಟವೆಲು ಕೊಟ್ಟ.

ಆಮೇಲಿನದು ನಿಧಾನದ ಕಥೆ, ತಂಪಣ್ಣನ ಜಾಯಮಾನಕ್ಕೆ ಒಗ್ಗದ್ದು. ಮೂರು ಊರಿನ ಚೂರುಗಳು ಸೇರಿ ಸಾವಿರದ ಎಂಟುನೂರಾದವು. ಸ್ವಿಚ್ಚಿನ ಸಂಗತಿ ನಿಜವೆಂದು ಗಟ್ಟಿಯಾಯಿತು. ಮತ್ತೊಂದು ಕಡೆಯಿಂದ ಸ್ವಲ್ಪ ಹಣ ಬಂತು. ಮೂರು ವರ್ಷದ ಮೇಲೆ, ಬೇರೆಲ್ಲ ಮದ್ದು ಸೋತಿದ್ದ ಹನ್ನೊಂದು ಮಕ್ಕಳಿಗೆ ಆ ಔಷಧಿ ಕೊಟ್ಟು ನೋಡಿದರು. ಐವರ ಗಡ್ಡೆ ಕುಗ್ಗಿತು. ನಾಲ್ವರಿಗೆ ಏನೂ ಆಗಲಿಲ್ಲ. ಇಬ್ಬರು ಉಳಿಯಲಿಲ್ಲ. ತಂಪಣ್ಣ ಈ ಲೆಕ್ಕ ಕೇಳಿ ಖುಷಿಪಡಬೇಕೋ ಬೇಡವೋ ತಿಳಿಯದೆ ಫ್ರೀಜರಿನ ಜಾಲರಿ ಕಳಚಿ ಒರೆಸತೊಡಗಿದ. ಅದನ್ನು ಎರಡು ದಿನದ ಹಿಂದಷ್ಟೇ ಒರೆಸಿದ್ದ.

"ಇದು ಗೆದ್ದ ಹಾಗೋ, ಸೋತ ಹಾಗೋ?"

"ಆ ಐವರಿಗೆ ಯಾಕಾಯ್ತು, ಆ ನಾಲ್ವರಿಗೆ ಯಾಕಾಗಲಿಲ್ಲ, ಅದನ್ನ ನೋಡ್ಬೇಕು" ಎಂದಳು ಡಾಕ್ಟರಮ್ಮ. "ಅದಕ್ಕೆ ಮತ್ತೆ ಅರ್ಜಿ ಹಾಕ್ಬೇಕು."

"ಅದೇ ಮೇಜಿನ ಮುಂದೆ?"

"ಅದೇ ಮೇಜು."

ಈ ಸಲ ಮಾತಾಡಿದ್ದು ಹೆಂಡತಿಯೇ, ಐದೂ ನಿಮಿಷ. ತಂಪಣ್ಣನ ಕೆಲಸ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರುವುದು. ಮೇಜಿನ ಕೆಳಗೆ ಅವನ ಮೊಣಕಾಲು ಹೊಲಿಗೆಯಂತ್ರದ ಹಾಗೆ ಅದುರುತ್ತಿತ್ತು. ಅಧ್ಯಕ್ಷೆ ಬದಲಾಗಿದ್ದರು, ಪ್ರಶ್ನೆಗಳು ಬದಲಾಗಿರಲಿಲ್ಲ. ಉತ್ತರವನ್ನು ಅಂದೇ ಮಧ್ಯಾಹ್ನ ಹೇಳಿದರು. ಎರಡು ವರ್ಷ, ಪೂರ್ತಿ.

ಹೊರಗೆ ಮೆಟ್ಟಿಲ ಮೇಲೆ ನಿಂತು ಅವನು ಮನೆಗೆ ಫೋನು ಮಾಡಿದ. ಅತ್ತೆಗೆ ಈಗ ಕಿವಿ ಮಂದವಾಗಿತ್ತು. ಮೂರು ಸಲ ಕೂಗಿ ಹೇಳಬೇಕಾಯಿತು.

"ಎರಡು ವರ್ಷಾನಾ?" ಎಂದಳು ಮುದುಕಿ. "ಅಷ್ಟು ದಿನ ಯಾರು ಕಾಯ್ತಾರೆ? ನಾನಿರೋದ್ರೊಳಗೆ ಮುಗಿಸೋಕೆ ಹೇಳಿ, ಅಳಿಯಂದ್ರೇ."

ತಂಪಣ್ಣ ಅದನ್ನು ಹಾಗೆಯೇ ಡಾಕ್ಟರಮ್ಮನಿಗೆ ಹೇಳಿದ. ಅವಳು ನಕ್ಕು, ಮೊದಲೇ ಹೇಳಿಟ್ಟಿದ್ದ ಹೊಸ ಫ್ರೀಜರು ನಾಳೆ ಬರುತ್ತದೆ ಎಂದಳು. ನಾಳೆ ಯಾಕೆ, ಇವತ್ತೇ ಕೋಣೆಯ ವೈರಿಂಗ್ ನೋಡಿಬಿಡೋಣ ಎಂದು ಅವನು ಬಸ್ಸಿಗೂ ಕಾಯದೆ ನಡೆದುಬಿಟ್ಟ. ಹೆಂಡತಿ ಚೀಲ ಹಿಡಿದುಕೊಂಡು ಅವನ ಹಿಂದೆಯೇ ಬೇಗಬೇಗ ಹೆಜ್ಜೆ ಹಾಕಿದಳು.